ಡಬ್ಬಿಯ ಸಪ್ಪಳ ನಿಲ್ಲಿಸಿದವನು

ಅವನು ಸತ್ತ ದಿನ ಕಲಬುರಗಿಯ ಜೇವರ್ಗಿ ಕಾಲೋನಿಯ ಹೆಂಗಸರು ಬೈದದ್ದು ಅವನ ಹೆಂಡತಿಯನ್ನು. ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಬಂದಳು, ಹೆಣದ ತಲೆಯ ಹತ್ತಿರ ಕೂತಳು, ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಎತ್ತಿಕೊಂಡು ಹೋದ ಮೇಲೆ ಅಂಗಳ ತೊಳೆದು ಸಂಜೆಯ ಬಸ್ಸಿಗೆ ವಾಪಸು ಹೋದಳು. ಅವಳ ಬೆನ್ನು ತಿರುಗಿದ್ದೇ ತಡ, ಇವರ ಬಾಯಿ ತೆರೆದವು. ಕಂಪ್ಯೂಟರಿನ ಪಂಖದ ಸಪ್ಪಳ ತಾಳಲಿಲ್ಲವಂತೆ, ಕಿವುಡ ಗಂಡನನ್ನು ಒಂಟಿ ಬಿಟ್ಟು ತಮ್ಮನ ಬಾಳೆ ತೋಟದಲ್ಲಿ ಹಾಯಾಗಿ ಕೂತಳಂತೆ. ನನ್ನ ಸೊಸೆಯೂ ಅದನ್ನೇ ಅಂದಳು.

ಇವರಿಗೆ ಏನೂ ಗೊತ್ತಿಲ್ಲ. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅಲ್ಲಿ ಏನಾಯಿತು ಅಂತ ಗೊತ್ತಿರುವವಳು ನಾನು. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು, ಬರಹ ಸೊಟ್ಟ ಇದ್ದೀತು, ಮಾತು ಸೊಟ್ಟ ಇರುವುದಿಲ್ಲ.

ಸತ್ತವರನ್ನೆಲ್ಲ ಒಳ್ಳೆಯವರು ಅನ್ನುವ ಪದ್ಧತಿ ಇದೆ. ಅವನನ್ನು ಒಳ್ಳೆಯವನು ಅನ್ನಲು ನನಗೆ ನಾಲಿಗೆ ಏಳುವುದಿಲ್ಲ. ಕೆಟ್ಟವನೂ ಅಲ್ಲ. ಸೊಕ್ಕಿನವನು. ಆ ಸೊಕ್ಕು ಕೂಡ ಅವನ ಕಿವಿಯೊಳಗೇ ಇತ್ತು.

ಕಪನೂರದಲ್ಲಿ ಒಂದು ಬೇಳೆ ಗಿರಣಿಯಲ್ಲಿ ಅವನು ಮಿಸ್ತ್ರಿ. ತೊಗರಿ ಒಡೆಯುವ ಮಶೀನುಗಳ ನಡುವೆ ಹರೆಯ ಕಳೆದವನು. ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೆ, ಕಿವಿಯ ಕೂದಲ ಮೇಲೆ ಹಳದಿ ಧೂಳು. ಮದುವೆಯಾದ ಹೊಸದರಲ್ಲೇ ಅವನ ಕಿವಿ ಮಂದವಾಗತೊಡಗಿದ್ದವು ಅಂತ ಈಗ ಲೆಕ್ಕ ಹಾಕಿದರೆ ತಿಳಿಯುತ್ತದೆ. ಆಗ ಯಾರಿಗೂ ತಿಳಿದಿರಲಿಲ್ಲ. ಅವನು ತಿಳಿಯಗೊಡಲಿಲ್ಲ. ಬರಬರುತ್ತ ಬಲಗಿವಿ ಪೂರಾ ಹೋಯಿತು, ಎಡಗಿವಿಯಲ್ಲಿ ಒಂದಿಷ್ಟು ಉಳಿಯಿತು. ಅದರ ಹತ್ತಿರ ಬಾಯಿ ಇಟ್ಟು ಒದರಬೇಕು.

ಕಿವಿ ಹೋದವರು ಮೆಲ್ಲಗೆ ಮಾತಾಡುವುದನ್ನು ಮರೆಯುತ್ತಾರೆ. ಅವನು ತನ್ನ ಮನೆಯಲ್ಲಿ ಉಪ್ಪು ಕೇಳಿದರೆ ನಮ್ಮ ಮನೆಯಲ್ಲಿ ನನ್ನ ಕೈ ಉಪ್ಪಿನ ಡಬ್ಬಕ್ಕೆ ಹೋಗುತ್ತಿತ್ತು. ಕಿವಿಗೆ ಮಶೀನು ಹಾಕಿಸಿಕೋ ಅಂತ ನಾನೇ ಒಮ್ಮೆ ಒದರಿ ಹೇಳಿದೆ. ಮುಖ ಸಿಂಡರಿಸಿ, "ಕಿವ್ಯಾಗ ಗುಂಡಿ ಹಚ್ಕೊಂಡು ತಿರುಗ್ಲಿಕ್ಕ ನಾ ಏನು ಮುದುಕ ಆಗೀನೇನ್ರಿ ಅಕ್ಕಾರ? ನನಗ ಎಲ್ಲಾ ಕೇಳಸ್ತದ," ಅಂದ. ಎಲ್ಲ ಕೇಳಿಸುವವನು ಮಾಡುತ್ತಿದ್ದ ಕೆಲಸ ಒಂದೇ. ಯಾರು ಏನು ಅಂದರೂ ತಲೆ ಆಡಿಸಿ "ಹೂಂ, ಆತು" ಅನ್ನುತ್ತಿದ್ದ. ತರಕಾರಿಯವಳು ಹೀರೇಕಾಯಿ ಹಾಕಲೇ ಅಂದರೂ ಹೂಂ ಆತು, ಕೊಳೆತ ಟೊಮೆಟೊ ಹಾಕಲೇ ಅಂದರೂ ಹೂಂ ಆತು. ಒಂದು ಲಗ್ನದ ಪಂಕ್ತಿಯಲ್ಲಿ ಬಾಜೂಕ್ಕೆ ಕೂತವನು ನಮ್ಮವ್ವ ಹೋದ ತಿಂಗಳು ತೀರಿಕೊಂಡಳು ಅಂತ ಹೇಳಿದ. ಇವನು ಹೋಳಿಗೆ ಮುರಿಯುತ್ತ, ಹೂಂ, ಆತು, ಭಾಳ ಛಲೋ ಆತು ಅಂದ. ಆ ಮನುಷ್ಯ ಎಲೆ ಬಿಟ್ಟು ಎದ್ದ. ಅದನ್ನು ಹೇಳಿ ಹೇಳಿ ಕಾಲೋನಿಯವರು ಎಷ್ಟು ದಿನ ನಕ್ಕರೋ. ಅವನಿಗೆ ನಗೆ ಕೇಳಿಸುತ್ತಿರಲಿಲ್ಲ, ಕಾಣಿಸುತ್ತಿತ್ತು. ಆಮೇಲೆ ಅವನು ಲಗ್ನಗಳಿಗೆ ಹೋಗುವುದು ಬಿಟ್ಟ.

ಅವರಿಗೆ ಒಬ್ಬಳು ಮಗಳಿದ್ದಳು. ಎಂಬತ್ತರ ದಶಕದ ಮಾತು, ಅವಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಬೇಸಿಗೆಗೆ ತಾಯಿಯ ಕೂಡ ಕಮಲಾಪುರಕ್ಕೆ ಹೋದವಳಿಗೆ ಜ್ವರ ಬಂದು ತಲೆಗೆ ಏರಿತು. ಅಲ್ಲಿಯ ಡಾಕ್ಟರು ಮಧ್ಯಾಹ್ನವೇ ದೊಡ್ಡ ದವಾಖಾನೆಗೆ ಒಯ್ಯಿರಿ ಅಂದಿದ್ದರು. ತಾಯಿ ಕಲಬುರಗಿಗೆ ತಂದದ್ದು ಮರುದಿನ ಬೆಳಿಗ್ಗೆ. ಆಗ ಹೊತ್ತು ಮೀರಿತ್ತು. ನಿನ್ನೆಯೇ ಯಾಕೆ ತರಲಿಲ್ಲ ಅಂತ ದವಾಖಾನೆಯಲ್ಲಿ ನರ್ಸು ಕೇಳಿದಳು, ಅತ್ತೆ ಕೇಳಿದಳು, ನಾನೂ ಕೇಳಿದೆ. ಅವಳು ಯಾರಿಗೂ ಉತ್ತರ ಕೊಡಲಿಲ್ಲ.

ಕೇಳದೆ ಇದ್ದವನು ಗಂಡ ಒಬ್ಬನೇ. ಅತ್ತೆ ಇವಳನ್ನು ತವರಿಗೆ ಅಟ್ಟು ಅಂತ ಗದ್ದಲ ಮಾಡಿದಾಗಲೂ ಅವನು ಹೆಂಡತಿಯ ಮೇಲೆ ಒಂದು ಮಾತು ಎತ್ತಲಿಲ್ಲ. ಕಾಲೋನಿಗೆಲ್ಲ ಅವನು ದೇವರಾದ. ಅವಳಂತೂ ಅವನನ್ನು ದೇವರ ಕೋಣೆಯಲ್ಲಿ ಇಡುವುದೊಂದು ಬಾಕಿ. ಅವನ ಮುಂದೆ ಖುರ್ಚಿಯ ಮೇಲೆ ಕೂಡಲಿಲ್ಲ, ಅವನು ಉಣ್ಣುವವರೆಗೆ ಉಣ್ಣಲಿಲ್ಲ, ಅವನು ಮೂರು ಸಲ ಆಂ ಅಂದರೆ ಮೂರು ಸಲವೂ ಮುಖದ ಮೇಲೆ ಬೇಜಾರು ತರದೆ ಹೇಳಿದಳು. ಬೇರೆ ಗಂಡಸಾಗಿದ್ದರೆ ನನ್ನನ್ನು ಬಿಡುತ್ತಿದ್ದ ಕಾಕು, ಇವರು ಇಷ್ಟು ವರ್ಷಕ್ಕೂ ಒಂದು ಮಾತು ಅಂದಿಲ್ಲ ಅಂತ ಕಟ್ಟೆಯ ಮೇಲೆ ಕೂತು ನನ್ನ ಮುಂದೆ ಹೇಳುತ್ತಿದ್ದಳು. ಅವಳಿಗೆ ನಾನು ಕಾಕು, ಚಿಕ್ಕಮ್ಮನ ಲೆಕ್ಕ. ನನಗೆ ಅದು ಸರಿ ಕಾಣುತ್ತಿರಲಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡ ಗಂಡಸಿಗಿಂತ ಒದರಾಡಿ ಮುಗಿಸುವ ಗಂಡಸು ಎಷ್ಟೋ ವಾಸಿ. ಆದರೆ ಅವಳ ಕಣ್ಣಲ್ಲಿ ಅಷ್ಟು ಭಕ್ತಿ ಇರುವಾಗ ನಾನು ಯಾಕೆ ಬಾಯಿ ಹಾಕಲಿ.

ಗಿರಣಿಯ ಸಾಹುಕಾರ ಸತ್ತ ಮೇಲೆ ಅವನ ಮಗ ಹೊಸ ಮಶೀನು ತಂದು ಹಳೆಯ ಮಿಸ್ತ್ರಿಗೆ ಮನೆ ತೋರಿಸಿದ. ಎರಡು ಸಾವಿರದ ಇಸವಿಯ ಆಚೀಚೆ. ಅಷ್ಟರಲ್ಲಿ ಹೆಂಡತಿ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದಳು. ಮನೆ ಅದರ ಮೇಲೆ ನಡೆಯಿತು. ಇವನು ಖಾಲಿ ಕೈ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ಅಂಗಡಿ ಇತ್ತು, ಹರೆಯದವರು ಅಲ್ಲಿ ಕಾರು ಓಡಿಸುವ ಆಟ, ಗುಂಡು ಹಾರಿಸುವ ಆಟ ಆಡುತ್ತಿದ್ದರು. ಅದನ್ನು ಕಿಟಕಿಯಿಂದ ನೋಡಿ ನೋಡಿ ಇವನಿಗೆ ಹುಚ್ಚು ಹಿಡಿಯಿತು. ಕೊಂಡು ತರಲಿಲ್ಲ. ಹೈದರಾಬಾದಿಗೆ ಹೋಗಿ ಹೋಗಿ ಒಂದೊಂದು ಸಾಮಾನು ತಂದು ತಾನೇ ಜೋಡಿಸಿದ. ಒಳಕೋಣೆಯ ತಗಡಿನ ಅಲಮಾರಿಯ ಮೇಲೆ ಅದನ್ನು ಕೂಡಿಸಿದ. ಅವನೂ ಹೆಂಡತಿಯೂ ಅದಕ್ಕೆ ಡಬ್ಬಿ ಅಂತಲೇ ಅನ್ನುತ್ತಿದ್ದರು. ಸ್ಪೀಕರ್ ಮಾತ್ರ ತರಲಿಲ್ಲ. ತನಗೆ ಯಾತಕ್ಕೆ ಬೇಕು?

ಇಷ್ಟು ವಯಸ್ಸಾದವನಿಗೆ ಆಟ ಯಾತಕ್ಕೆ ಅಂತ ನಾನು ಕೇಳಿದೆ. ಅವನು ಹೇಳಿದ್ದು ನನಗೆ ನೆನಪಿದೆ. "ಇದು ಮಾತಾಡಂಗಿಲ್ಲರಿ ಅಕ್ಕಾರ. ಇದರ ಮುಂದ ನಾನೂ ಎಲ್ಲಾರ ಹಂಗ."

ಅದು ಮಾತಾಡುತ್ತಿರಲಿಲ್ಲ ಖರೆ. ಆದರೆ ಒದರುತ್ತಿತ್ತು. ಆಟದ ಡಬ್ಬಿಗೆ ಕಾವು ಹೆಚ್ಚಂತೆ, ಅದಕ್ಕೆ ಒಳಗೆ ಪಂಖಗಳು. ಲೆಕ್ಕ ಮಾಡುವ ಮಿದುಳಿಗೊಂದು, ಚಿತ್ರ ತೋರಿಸುವ ಹಲಗೆಗೊಂದು, ಕರೆಂಟಿನ ಪೆಟ್ಟಿಗೆಗೊಂದು, ಹಿಂದೊಂದು ಮುಂದೊಂದು. ಎಲ್ಲ ಸೇರಿ ಗಿರ್ ಅಂತ ಶುರು ಮಾಡಿದರೆ ತಗಡಿನ ಅಲಮಾರಿಯೂ ಅದರ ಕೂಡ ಕುಣಿಯುತ್ತಿತ್ತು. ನಮ್ಮ ಗೋಡೆಗೆ ತೂಗಹಾಕಿದ ಕ್ಯಾಲೆಂಡರ್ ನಡುಗುತ್ತಿತ್ತು. ಅವನಿಗೆ ಏನೂ ಇಲ್ಲ. ಟ್ಯೂಷನ್ನಿಗೆ ಬರುವ ಮಕ್ಕಳ ತಾಯಂದಿರು, ಟೀಚರ್, ನಿಮ್ಮ ಮನೆಯೊಳಗೆ ಹಿಟ್ಟಿನ ಗಿರಣಿ ಹಾಕೀರೇನು ಅಂತ ಕೇಳತೊಡಗಿದರು. ಇಬ್ಬರು ಮಕ್ಕಳು ಬಿಟ್ಟರು. ಆಗ ಅವಳು ಮದುವೆಯಾದಾಗಿನಿಂದ ಮೊದಲ ಸಲ ಗಂಡನಿಗೆ ಬಿರುಸಾಗಿ ಒಂದು ಮಾತು ಅಂದಳು, ನಮಗೆಲ್ಲ ಕೇಳುವ ಹಾಗೆ.

"ಇದರ ಸಪ್ಪಳಾ ನಿಲ್ಲಸ್ರಿ. ಇಲ್ಲಾಂದ್ರ ನಾ ಕಮಲಾಪುರಕ್ಕ ಹೋಗ್ತೀನಿ."

ಕಾಲೋನಿಯವರು ಇವತ್ತಿಗೂ ಹಿಡಿದುಕೊಂಡು ಕೂತದ್ದು ಈ ಒಂದೇ ಮಾತು. ಅವಳು ಅದನ್ನು ಸಿಟ್ಟಿನಲ್ಲಿ ಅಂದದ್ದು, ಸಂಜೆಗೆ ಮರೆತಳು. ಅವನು ಮರೆಯಲಿಲ್ಲ. ಹೆಂಡತಿ ಹೋಗಿಬಿಟ್ಟಾಳು ಅನ್ನುವ ಹೆದರಿಕೆ ಅವನ ಮುಖದ ಮೇಲೆ ನಾನು ನೋಡಿದ್ದೇನೆ, ಅದಕ್ಕೇ ಕೆಟ್ಟವನಲ್ಲ ಅಂದದ್ದು. ಆಟ ಬಿಡಬೇಕಿತ್ತು, ಬಿಡಲಿಲ್ಲ. ಡಬ್ಬಿಯೂ ಬೇಕು, ಹೆಂಡತಿಯೂ ಬೇಕು. ಹಾಗಾದರೆ ಡಬ್ಬಿಯ ಬಾಯಿ ಮುಚ್ಚಿಸಬೇಕು.

ಕೇಳಿಸದ ಸಪ್ಪಳ ನಿಲ್ಲಿಸುವುದು ಹೇಗೆ? ಗಿರಣಿಯಲ್ಲಿ ಅವನು ಮಶೀನಿನ ಮೈಮೇಲೆ ಅಂಗೈ ಇಟ್ಟು ಅದರ ರೋಗ ಹೇಳುತ್ತಿದ್ದನಂತೆ. ನಮ್ಮ ಮನೆಗೆ ಬಂದರೂ ಮಿಕ್ಸರು, ಫ್ರಿಜ್ಜು, ಏನು ತಿರುಗುತ್ತಿದ್ದರೂ ಕೇಳದೆಯೇ ಅದರ ಮೇಲೆ ಕೈ ಇಡುವ ಚಟ. ಡಬ್ಬಿಯ ಮೇಲೂ ಹಾಗೇ ಬೆರಳು ಇಟ್ಟ. ಅದರ ತಲೆಯ ಮೇಲೆ ಸ್ಟೀಲಿನ ಲೋಟದಲ್ಲಿ ನೀರು ಇಟ್ಟು ತೆರೆ ಏಳುವುದನ್ನು ನೋಡಿದ. ಮೊದಲು ಅದನ್ನು ಅಲಮಾರಿಯಿಂದ ಇಳಿಸಿ ಕೆಳಗೆ ಶಹಾಬಾದಿ ಪರಸಿ ಕಲ್ಲಿನ ಮೇಲೆ, ಸೈಕಲ್ ಟ್ಯೂಬಿನ ತುಂಡು ಹಾಕಿ ಕೂಡಿಸಿದ. ನೀರು ಅಲುಗಾಡುವುದು ನಿಂತಿತು. ಗೆದ್ದೆ ಅಂತ ನನ್ನನ್ನು ಕರೆದ. ನಾನು ಹೋಗಿ ಕೇಳಿದರೆ ಗುಡುಗು ಹೋಗಿದೆ, ಉಳಿದದ್ದೆಲ್ಲ ಇದ್ದಲ್ಲೇ ಇದೆ. ಇನ್ನೂ ಸಪ್ಪಳ ಇದೆ ಅಂದೆ. ನೀರು ಅಲುಗಾಡದಿದ್ದರೆ ಸಪ್ಪಳ ಎಲ್ಲಿಂದ ಬಂತು ಅಂತ ನನಗೇ ಜೋರು ಮಾಡಿದ.

"ನೀರಿಗೇನು ಕಿವಿ ಅದಾವೇನು?" ಅಂತ ಎಡಗಿವಿಯಲ್ಲಿ ಒದರಿದೆ.

ಅಂದಿನಿಂದ ನಾನು ಅವನ ಕಿವಿಯಾದೆ. ಹೆಂಡತಿಯನ್ನು ಕೇಳಲು ಸೊಕ್ಕು ಬಿಡುತ್ತಿರಲಿಲ್ಲ. ಗೋಡೆಗೆ ಎರಡು ಗುದ್ದು ಹಾಕಿದನೆಂದರೆ ನಾನು ಹೋಗಬೇಕು. ಖುರ್ಚಿಯ ಮೇಲೆ ಕೂತು ಕಣ್ಣು ಮುಚ್ಚಿ, ಒಂದು ಸೊಳ್ಳೆ ಇದೆ, ಒಂದು ಸಿಳ್ಳೆ ಇದೆ, ತಳದಲ್ಲಿ ಒಬ್ಬ ಮುದುಕ ಗೊರಕೆ ಹೊಡೆಯುತ್ತಿದ್ದಾನೆ ಅಂತ ಕೈಸನ್ನೆಯಲ್ಲಿ ಹೇಳಬೇಕು. ಅವನು ಒಂದೊಂದೇ ಹಿಡಿದು ಕೊಲ್ಲುತ್ತ ಬಂದ. ಸೊಳ್ಳೆ ಅಂದರೆ ಮಿದುಳಿನ ಮೇಲಿನ ಸಣ್ಣ ಪಂಖ. ಸಣ್ಣದಕ್ಕೆ ಗಾಳಿ ಸಾಲದು ಅಂತ ಜೀವ ಬಿಟ್ಟು ಓಡಬೇಕು, ಓಡಿದರೆ ಚೀರುತ್ತದೆ. ಅಂಗೈಗಿಂತ ದೊಡ್ಡ ಪಂಖ ತಂದು ಹಾಕಿದರೆ ಅದು ನಿಧಾನಕ್ಕೆ ನಡೆದುಕೊಂಡೇ ಅಷ್ಟು ಗಾಳಿ ಹೊರುತ್ತದಂತೆ. ಸಿಳ್ಳೆ ಅಂದರೆ ಪಂಖದ ಮುಂದಿನ ತಗಡಿನ ತೂತುಗಳು, ಗಾಳಿ ಅದರಲ್ಲಿ ತೂರಿ ಬರುವಾಗ ಊದುತ್ತದೆ. ಕೂಲರ್ ಮಾಡುವ ಚಾಚಾನ ಅಂಗಡಿಗೆ ಹೊತ್ತು ಒಯ್ದು ಆ ತಗಡನ್ನು ದುಂಡಗೆ ಕತ್ತರಿಸಿ ತೆಗೆಸಿದ. ಹೊಸ ಡಬ್ಬಿಗೆ ತೂತು ಕೊರೆಸುವ ಹುಚ್ಚನನ್ನು ಆ ಚಾಚಾ ಅದೇ ಮೊದಲು ನೋಡಿದ್ದಂತೆ.

ಸಪ್ಪಳ ಇಳಿದರೆ ಕಾವು ಏರುತ್ತಿತ್ತು, ಕಾವು ಇಳಿಸಿದರೆ ಸಪ್ಪಳ ಏರುತ್ತಿತ್ತು. ವೈರು ಬದಲಿಸಿ ಪಂಖಕ್ಕೆ ಕಮ್ಮಿ ಕರೆಂಟು ಕೊಟ್ಟ. ಸದ್ದು ಅರ್ಧ ಆಯಿತು, ಆಟದ ನಡುವೆ ಡಬ್ಬಿ ಕಾದು ಕೈಕಾಲು ಬಿಟ್ಟಿತು. ನಮ್ಮ ಊರಿನ ಬೇಸಿಗೆ ಏನು ಸಾಮಾನ್ಯವೇ, ನೆರಳಲ್ಲಿ ಇಟ್ಟ ನೀರೂ ಬಾಯಿ ಸುಡುತ್ತದೆ. ಆಗ ಅವನು ಮಾಡಿದ ಕೆಲಸ ಈ ಊರಿನ ಮನುಷ್ಯ ಮಾತ್ರ ಮಾಡಬಹುದಾದದ್ದು. ಕಿಟಕಿಯ ಕೂಲರಿನಿಂದ ಒಂದು ತಗಡಿನ ಕೊಳವೆ ಬಗ್ಗಿಸಿ, ಆ ತಂಪು ಗಾಳಿಯನ್ನು ನೇರ ಡಬ್ಬಿಯ ಹೊಟ್ಟೆಗೆ ಬಿಟ್ಟ. ಒಳಗಿನ ಪಂಖಗಳನ್ನೆಲ್ಲ ನಿಲ್ಲಿಸಿಯೇಬಿಟ್ಟ. ಕೂಲರಿನ ಸದ್ದು ಹೇಗೂ ಎಲ್ಲರ ಮನೆಯಲ್ಲೂ ಇರುವುದೇ, ಅದನ್ನು ಯಾರು ಲೆಕ್ಕ ಹಿಡಿಯುತ್ತಾರೆ. ಡಬ್ಬಿ ಮಡಕೆಯ ಹಾಗೆ ತಣ್ಣಗಾಯಿತು. ಕಾಲೋನಿಯಲ್ಲಿ ಎದೆ ಉಬ್ಬಿಸಿ ತಿರುಗಾಡಿದ.

ಕೂಲರಿನ ಒದ್ದೆ ಹುಲ್ಲಿನ ಗಾಳಿ ಅದು, ಅರಿವೆ ಒಣಗಿಸುವ ಗಾಳಿ ಅಲ್ಲ, ಅರಿವೆ ತೋಯಿಸುವ ಗಾಳಿ ಅಂತ ನಾನು ಹೇಳಿದೆ. ಹೂಂ, ಆತು ಅಂದ. ಬೇಸಿಗೆ ಮುಗಿಯುವ ಮೊದಲೇ ಒಂದು ದಿನ ಒಳಗೆ ಪಟ್ ಅಂದಿತು. ಬಿಚ್ಚಿ ನೋಡಿದರೆ ಬೋರಿನ ನೀರಿನ ಬಿಳಿ ಉಪ್ಪು ಎಲ್ಲ ಕಡೆ ಕೂತಿದೆ, ತಂತಿಯ ಹಲ್ಲುಗಳಿಗೆ ಹಸಿರು ತುಕ್ಕು. ಹೈದರಾಬಾದಿನವರು ಮೋಸ ಮಾಡಿದರು ಅಂತ ಬೈದ. ತನ್ನ ತಪ್ಪು ಅನ್ನುವ ಮಾತು ಅವನ ಬಾಯಲ್ಲಿ ನಾನು ಕೇಳಲಿಲ್ಲ. ಮತ್ತೆ ಮೊದಲಿನಿಂದ ಜೋಡಿಸಿದ.

ಕಡೆಗೆ ಗೆದ್ದದ್ದು ಹೇಗೆಂದರೆ, ಬಡಗಣ ಕಿಟಕಿಯ ನೆರಳಿನಿಂದ ರಟ್ಟಿನ ಕೊಳವೆ ಮಾಡಿ ಒಣ ಗಾಳಿ ತಂದ. ಅದರ ಬಾಯಿಗೆ ಬೇಳೆ ಸೋಸುವ ಜಾಳಿಗೆ ಕಟ್ಟಿ ಧೂಳು ತಡೆದ. ದೊಡ್ಡ ಪಂಖವನ್ನು ತಗಡಿಗೆ ತಾಗದ ಹಾಗೆ ಟ್ಯೂಬಿನ ಪಟ್ಟಿಯಲ್ಲಿ ತೊಟ್ಟಿಲಿನಂತೆ ತೂಗಿಬಿಟ್ಟ. ಮಿದುಳಿನ ಮೇಲಿನ ಅಲ್ಯುಮಿನಿಯಂ ಗಟ್ಟಿಯನ್ನು ಉಜ್ಜಿ, ನಡುವೆ ಹೊಸ ಮುಲಾಮು ಸವರಿ ಕೂಡಿಸಿದ. ಆಮೇಲೆ ಕರೆಂಟು ಇಳಿಸುತ್ತ, ಕೈಯಿಟ್ಟು ಕಾವು ನೋಡುತ್ತ, ಇಳಿಸುತ್ತ ಬಂದ. ವರ್ಷಗಟ್ಟಲೆಯ ಕೆಲಸ ಇದು, ಒಂದು ವಾರದ್ದಲ್ಲ.

ಅವತ್ತು ಗೋಡೆ ಗುದ್ದಿದಾಗ ನಾನು ಹೋಗಿ ಖುರ್ಚಿಯ ಮೇಲೆ ಕೂತೆ. ಕಣ್ಣು ಮುಚ್ಚಿದೆ. ಹೊರಗೆ ಬೀದಿಯಲ್ಲಿ ಅರಳೆ ಬಡಿಯುವ ಪಿಂಜಾರನ ಬಿಲ್ಲಿನ ಟುಂಯ್ ಕೇಳಿತು, ಅಡುಗೆಮನೆಯಲ್ಲಿ ಅವಳ ಬಳೆ ಕೇಳಿತು. ಡಬ್ಬಿಯದು ಏನೂ ಇಲ್ಲ. ಡಬ್ಬಿ ಬಂದ್ ಮಾಡಿದ್ದೀಯೇನು ಅಂತ ಕೇಳಿದೆ. ಅವನು ಪರದೆಯ ಕಡೆ ಕೈ ಮಾಡಿದ, ಕಾರು ಓಡುತ್ತಿತ್ತು. ಸೊನ್ನೆ ಅಂತ ಬೆರಳು ಸುತ್ತಿ ತೋರಿಸಿದೆ. ಅವನು ಹೆಂಡತಿಯನ್ನು ಕೂಗಿ ಕರೆದ. ಅವಳು ಬಂದು ಬಗ್ಗಿ ಕಿವಿ ಕೊಟ್ಟು, ನನಗಾಗಿ ಇಷ್ಟೆಲ್ಲ ಮಾಡಿದರು ನೋಡ್ರಿ ಕಾಕು ಅಂತ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಶಿರಾ ಮಾಡಿದಳು. ಆ ಮನೆಯಲ್ಲಿ ಮೂವರೂ ನಕ್ಕದ್ದು ಅದೊಂದೇ ಹೊತ್ತು, ಅದೂ ಟ್ಯೂಷನ್ ಶುರುವಾಗುವ ತನಕ.

ಮಕ್ಕಳು ಬಂದವು. ಅವಳು ಬೋರ್ಡಿನ ಮೇಲೆ ಲೆಕ್ಕ ಬರೆದಳು. ಇವನು ಒಳಗೆ ಬಾಗಿಲು ಎಳೆದುಕೊಂಡು ಆಟಕ್ಕೆ ಕೂತ. ನಾನು ಶಿರಾದ ಬಟ್ಟಲು ಹಿಡಿದು ಮುಂದಿನ ಕೋಣೆಯಲ್ಲೇ ಇದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮಾತು ಬಂತು. ಹೊರಳು ಮಗನೇ ಹೊರಳು, ಅಲ್ಲಿ ಯಾಕೆ ಹೋಗುತ್ತೀ, ಗೋಡೆಗೆ ಹಾಯುತ್ತೀ ಅಂತ. ಮಕ್ಕಳು ಕಿಸಿಕಿಸಿ ನಕ್ಕವು, ಅವಳೂ ನಕ್ಕಳು. ಇಷ್ಟು ದಿನ ಅವನು ಡಬ್ಬಿಯ ಕೂಡ ಮಾತಾಡುತ್ತಿದ್ದನೆಂದು ಯಾರಿಗೂ ಗೊತ್ತಿರಲಿಲ್ಲ. ತನ್ನಷ್ಟಕ್ಕೆ ಅಂದುಕೊಳ್ಳುವ ಗೊಣಗು ಅದು, ಪಂಖದ ಅಬ್ಬರದಲ್ಲಿ ಮುಳುಗಿ ಹೋಗುತ್ತಿತ್ತು. ಆಮೇಲೆ ಸಾಹುಕಾರನ ಮಗನಿಗೆ ನಾಲ್ಕು ಬೈಗುಳ ಬಂದವು. ಆಮೇಲೆ ಬಂದ ಮಾತು ಇದು.

"ಅವತ್ತೇ ಬಸ್ ಹತ್ತಿದ್ರ ಮಗಳು ಉಳೀತಿದ್ಲು. ಏನು ಮಾಡ್ಲಿಕತ್ತಿದ್ಳೋ ಅಲ್ಲಿ. ತವರಮನಿ ಸುಖಾ ಬಿಟ್ಟು ಏಳಲಿಲ್ಲ. ಕೂಸಿನ್ನ ಕೊಂದು ತಂದ್ಲು."

ಸಿಟ್ಟಿನ ದನಿಯಲ್ಲ. ದಿನಾ ಹೇಳಿ ಹೇಳಿ ಸವೆದ ಮಾತಿನ ದನಿ. ಅವಳ ಕೈಯ ಸುಣ್ಣದ ಕಡ್ಡಿ ಬೋರ್ಡಿನ ಮೇಲೆ ನಿಂತಿತು. ಮಕ್ಕಳಿಗೆ ಮನೆಗೆ ಹೋಗಿರಿ ಅಂದಳು. ಬಾಗಿಲ ಹತ್ತಿರ ಹೋಗಿ ನೆಲದ ಮೇಲೆ ಕೂತಳು. ಏಳು, ಹೊರಗೆ ಬಾ, ಕಿವುಡರ ಬಡಬಡಿಕೆ ಅದು ಅಂತ ನಾನು ಕೈ ಹಿಡಿದು ಎಳೆದೆ.

"ಬಿಡ್ರಿ ಕಾಕು," ಅಂದಳು. "ಇಷ್ಟು ವರ್ಷ ಕೇಳಿಲ್ಲ. ಈಗ ಎಲ್ಲಾ ಕೇಳ್ತೀನಿ."

ಕೇಳಿದಳು. ಒಂದು ದಿನವಲ್ಲ, ಆ ವಾರವೆಲ್ಲ. ಅಡುಗೆ ಮಾಡಿ, ಅವನಿಗೆ ಉಣ್ಣಿಸಿ, ಅವನು ಒಳಗೆ ಹೋದ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಕೇಳಿದಳು. ಆಮೇಲೆ ಒಂದು ಚೀಲ ಹಿಡಿದು ಕಮಲಾಪುರದ ಬಸ್ಸು ಹತ್ತಿದಳು. ಗಂಡನಿಗೆ ಹೇಳಿ ಹೋದಳು. ಅವನು ಹೂಂ, ಆತು ಅಂದ. ತಮ್ಮನ ಮನೆಗೆ ನಾಲ್ಕು ದಿನಕ್ಕೆ ಹೋದಳು ಅಂತ ತಿಳಿದಿದ್ದ.

ತಿಂಗಳಾದರೂ ಬರಲಿಲ್ಲ. ಆಗ ಅವನು ಮಾಡಿದ್ದೇನು ಗೊತ್ತೇ? ಮತ್ತೆ ಡಬ್ಬಿ ಬಿಚ್ಚಿದ. ಗೋಡೆ ಗುದ್ದಿದ. ನಾನು ಹೋದರೆ ನೆಲದ ತುಂಬ ಸ್ಕ್ರೂ ಹರಡಿಕೊಂಡು ಕೂತಿದ್ದಾನೆ. ಕೈಯಲ್ಲಿ ಗಾದಿಯ ಅರಳೆ, ಅದನ್ನು ಡಬ್ಬಿಯ ಒಳಗೋಡೆಗೆ ಅಂಟಿಸಲು ನೋಡುತ್ತಿದ್ದಾನೆ. ಎಲ್ಲೋ ಸಪ್ಪಳ ಉಳಿದಿದೆ, ಅದಕ್ಕೇ ಹೋಗಿದ್ದಾಳೆ, ಎಲ್ಲಿ ಉಳಿದಿದೆ ಹೇಳಿರಿ ಅಂತ ನನ್ನನ್ನೇ ಕೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ಅವನ ಎಡಗಿವಿ ಹಿಡಿದು ಎಳೆದು ಒದರಿದೆ.

"ಡಬ್ಬಿದು ಎಲ್ಲಾ ಹೋಗ್ಯದ. ಉಳದದ್ದು ನಿಂದು. ಮಗಳನ್ನ ಕೊಂದ್ಲು, ಕೊಂದ್ಲು ಅಂತ ದಿನಾ ಒದರ್ತಿದ್ದಿ. ಅಕಿ ಬಾಗಲದಾಗ ಕೂತು ಕೇಳ್ಯಾಳ."

ಅವನು ನನ್ನ ಮುಖ ನೋಡಿದ. ಅರಳೆ ಕೈಯಲ್ಲೇ ಇತ್ತು. "ನಾ ಮನಸಿನ್ಯಾಗ ಅಂದುಕೊಂಡಿದ್ದೆ," ಅಂದ. ಆ ಮಾತೂ ಬೀದಿಯವರೆಗೆ ಹೋಯಿತು.

ಮರುದಿನ ಬೆಳಿಗ್ಗೆ ನಾನೇ ಅವನನ್ನು ಕಮಲಾಪುರಕ್ಕೆ ಕರೆದುಕೊಂಡು ಹೋದೆ. ಅವನ ಮೇಲಿನ ಕನಿಕರಕ್ಕೆ ಅಲ್ಲ. ಅವಳಿಗೆ ಒಂದು ಜವಾಬು ಸಿಗಬೇಕು ಅಂತ. ತಮ್ಮನ ಮನೆಯ ಕಟ್ಟೆಯ ಮೇಲೆ ಕೆಂಪು ಬಾಳೆಯ ಗೊನೆಗಳನ್ನು ಸಾಲಾಗಿ ಇಟ್ಟಿದ್ದರು. ಅವಳು ಹೊಸ್ತಿಲ ಒಳಗೆ ಕೂತಳು, ಇವನು ಕಟ್ಟೆಯ ಮೇಲೆ, ನಡುವೆ ನಾನು. ತಮ್ಮ ನೀರು ಕೊಟ್ಟು ತೋಟದ ಕಡೆ ಹೋದ. ಡಬ್ಬಿ ಮಾರಿಬಿಡುತ್ತೇನೆ, ಬಾ ಹೋಗೋಣ ಅಂದ ಇವನು. ಡಬ್ಬಿ ಪಾಪ ಏನು ಮಾಡಿದೆ ಅಂದಳು ಅವಳು. ಡಬ್ಬಿಗೆ ಹೇಳಿದ್ದನ್ನು ತನ್ನ ಮುಂದೆ ಒಮ್ಮೆ ಹೇಳಲಿ ಅಂದಳು. ನಾನು ಅದನ್ನು ಅವನ ಕಿವಿಗೆ ಹಾಕಿದೆ.

ಅವನು ಪಂಜೆಯ ಅಂಚು ಹಿಂಡಿದ. ತಪ್ಪಾಯಿತು ಅಂದಿದ್ದರೆ ಅವಳು ಎದ್ದು ಬರುತ್ತಿದ್ದಳು ಅಂತ ನನಗೆ ಈಗಲೂ ಅನಿಸುತ್ತದೆ. ಅವನು ಅಂದದ್ದು ಬೇರೆ. "ಹೌದು, ಅಂದೀನಿ. ಅವತ್ತೇ ಬಸ್ ಹತ್ತಬೇಕಾಗಿತ್ತು ನೀನು. ಯಾಕ ಹತ್ತಲಿಲ್ಲ?" ಇಷ್ಟು ವರ್ಷದ ಮೇಲೆ ಅವನು ಅದನ್ನು ಅವಳ ಮುಖ ನೋಡಿ ಕೇಳಿದ. ತೋಟದಲ್ಲಿದ್ದ ತಮ್ಮನೂ ತಿರುಗಿ ನೋಡಿದ.

ಅವಳು ದನಿ ಎತ್ತಲಿಲ್ಲ. ಟ್ಯೂಷನ್ ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವ ಹಾಗೆ ಮೆಲ್ಲಗೆ, ಅವನ ಕಣ್ಣು ನೋಡುತ್ತ ಹೇಳಿದಳು.

"ಪೋಸ್ಟ್ ಆಫೀಸಿನಿಂದ ನಿಮ್ಮ ಗಿರಣಿಗೆ ಫೋನ್ ಹಚ್ಚಿಸಿದ್ದೆ. ನೀವೇ ಬಂದು ಮಾತಾಡಿದ್ರಿ. ಕೂಸಿಗೆ ಭಾಳ ಆಗ್ಯದ, ಗಿರಣಿ ಜೀಪ್ ತೊಗೊಂಡು ಈಗಿಂದೀಗ ಬರ್ರಿ ಅಂದೆ. ಹೂಂ, ಆತು ಅಂದ್ರಿ. ನೀವು ಬರ್ತೀರಂತ ಕೂಸಿನ್ನ ಹೊತಗೊಂಡು ರಸ್ತೆದಾಗ ನಿಂತಿದ್ದೆ. ಸಂಜಿ ಬಸ್ ಬಂತು, ಹತ್ತಲಿಲ್ಲ. ದಾರ್‍ಯಾಗ ತಪ್ಪಿಸಿಕೊಂಡೀವಿ ಅಂತ ಹೆದರಿಕಿ. ಮರುದಿನ ದವಾಖಾನ್ಯಾಗ ಡಾಕ್ಟರ್ ಮಾತಿಗೂ ಹೂಂ, ಆತು ಅಂದ್ರಿ, ಆಗ ನಿಮ್ಮ ಕಿವಿ ಹೋಗ್ಯಾವಂತ ತಿಳೀತು. ಹೇಳಿದ್ರ ನಿಮ್ಮ ಜೀವಾ ಹೋಗ್ತದಂತ ಹೇಳಲಿಲ್ಲ."

ನಾನೂ ಇದನ್ನು ಕೇಳಿದ್ದು ಅದೇ ಮೊದಲು. ನರ್ಸಿಗೆ, ಅತ್ತೆಗೆ, ನನಗೆ ಅವಳು ಯಾಕೆ ಉತ್ತರ ಕೊಟ್ಟಿರಲಿಲ್ಲ ಅಂತ ಆಗ ತಿಳಿಯಿತು. ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ತುಟಿ ನಿಂತವು. ಅವನು ತಲೆ ಆಡಿಸಿದ.

"ಹೂಂ, ಆತು," ಅಂದ.

ಅವಳು ಎದ್ದಳು. ಹೇಳುವುದಿದ್ದರೆ ನೀವು ಹೇಳಿರಿ ಕಾಕು, ಬಿಡುವುದಿದ್ದರೆ ಬಿಡಿರಿ, ನಾನಂತೂ ಇನ್ನೊಮ್ಮೆ ಹೇಳುವುದಿಲ್ಲ ಅಂದು ಒಳಗೆ ಹೋದಳು. ಆಮೇಲೆ ಅವಳು ಕಲಬುರಗಿಯ ಆ ಮನೆಗೆ ಕಾಲಿಟ್ಟದ್ದು ಅವನ ಹೆಣ ನೋಡಲು. ಆ ದಿನ ಅವಳ ಕಣ್ಣಲ್ಲಿ ನೀರು ಯಾಕೆ ಬರಲಿಲ್ಲ ಅಂತ ಕೇಳುವವರು ಇದನ್ನು ಓದಲಿ.

ವಾಪಸು ಬರುವ ಬಸ್ಸು ತುಂಬಿತ್ತು. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಅವನು ನನ್ನ ಕಡೆ ತಿರುಗಿ, ಅವಳು ಏನಂದಳು ಅಂತ ಕೇಳಿದ. ಮುಚ್ಚಿಡಲು ನನಗೆ ಬರುವುದಿಲ್ಲ. ಮುಚ್ಚಿಟ್ಟು ಮುಚ್ಚಿಟ್ಟೇ ಆ ಇಬ್ಬರೂ ಹೀಗಾದದ್ದು. ಅವನ ಎಡಗಿವಿಗೆ ಬಾಯಿ ಹಚ್ಚಿ, ಅವಳು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಹೇಳಿದೆ. ಫೋನು, ಜೀಪು, ರಸ್ತೆ, ಸಂಜೆಯ ಬಸ್ಸು. ಅವನು ಮುಂದಿನ ಸೀಟಿನ ಕಬ್ಬಿಣದ ಸರಳು ಹಿಡಿದುಕೊಂಡು ಕೂತಿದ್ದ.

"ಫೋನ್ ಬಂದಿತ್ತರಿ ಅಕ್ಕಾರ. ಹೆಣ್ಣಮಗಳ ದನಿ ಅಂತ ಇಷ್ಟೇ ಗೊತ್ತಾತು. ಬಾಜೂಕ ಸಾಹುಕಾರ ಕೂತಿದ್ದ. ಯಾರು, ಏನು ಅಂತ ತಿರುಗಿ ಕೇಳಿದ್ರ ನನ್ನ ಕಿವಿ ಹೋಗ್ಯಾವಂತ ಅವಗ ತಿಳೀತಿತ್ತು. ಕೇಳ್ಲಿಕ್ಕ ನಾಚಿಕಿ ಬಂತು."

ಇಡೀ ಬಸ್ಸು ತಿರುಗಿ ನೋಡಿತು. ಟಿಕೀಟು ಹರಿಯುತ್ತಿದ್ದ ಕಂಡಕ್ಟರು ಕೈ ನಿಲ್ಲಿಸಿದ. ಅವನು ಯಾರನ್ನೂ ನೋಡಲಿಲ್ಲ, ಅದನ್ನೇ ಮತ್ತೆ ಅಂದ, ಮತ್ತೆ ಅಂದ. ಮೆಲ್ಲಗೆ ಮಾತಾಡು ಅಂತ ನಾನು ಅವನಿಗೆ ಹೇಳಲಿಲ್ಲ.